ಭಾರಿ ಎಂಜಿನ್ ಅನ್ನು ಸ್ಟ್ಯಾಂಡಿಗೆ ಏರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಸ್ಟ್ಯಾಂಡ್ ಎಂದರೆ ಚಕ್ರಗಳ ಮೇಲೆ ನಿಂತ ಕಂಬ; ಅದರ ತುದಿಯ ತಿರುಗುವ ತಟ್ಟೆಗೆ ಸೇರಿದ ನಾಲ್ಕು ತೋಳುಗಳು ಎಂಜಿನ್‌ನ ಹಿಂಭಾಗವನ್ನು, ಗೇರ್‌ಬಾಕ್ಸ್ ಕೂರುವ ಕಡೆ, ಬೋಲ್ಟುಗಳಿಂದ ಹಿಡಿಯುತ್ತವೆ. ಸ್ಟ್ಯಾಂಡಿಗೆ ಏರಿಸಿದ ಎಂಜಿನ್ ಬಿದ್ದಾಗ ಎಲ್ಲರೂ ಮೊದಲು ಬೋಲ್ಟನ್ನು ದೂರುತ್ತಾರೆ. ಆದರೆ ಸರಿಯಾಗಿ ಬಿಗಿದ ನಾಲ್ಕು ಬೋಲ್ಟ್ ಸುಮ್ಮನೆ ತುಂಡಾಗುವುದಿಲ್ಲ. ಭಾರ ಎಲ್ಲಿದೆ, ಯಾವ ಕಡೆಗೆ ಎಳೆಯುತ್ತಿದೆ ಎಂಬುದನ್ನು ಮರೆತ ಗಳಿಗೆಯಲ್ಲಿ ಸ್ಟ್ಯಾಂಡ್ ವಾಲುತ್ತದೆ, ತೋಳು ಜಾರುತ್ತದೆ, ಇಲ್ಲವೇ ಎಂಜಿನ್ ತಾನಾಗಿ ಮಗುಚಿಕೊಳ್ಳುತ್ತದೆ. ಕೆಳಗಿನ ಉತ್ತರಗಳನ್ನು ಓದುವಾಗ ಆ ಭಾರದ ಮೇಲೇ ಕಣ್ಣಿರಲಿ.

ನನ್ನ ಎಂಜಿನ್‌ಗೆ ಎಷ್ಟು ಸಾಮರ್ಥ್ಯದ ಸ್ಟ್ಯಾಂಡ್ ಬೇಕು?

ಮೊದಲು ಎಂಜಿನ್ ತೂಕದ ಅಂದಾಜು ಬೇಕು. ಅಲ್ಯುಮಿನಿಯಮ್ ಬ್ಲಾಕ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 90ರಿಂದ 130 ಕೆ.ಜಿ. ತೂಗುತ್ತದೆ. ಎರಕದ ಕಬ್ಬಿಣದ ಬ್ಲಾಕ್‌ನ ಎರಡು ಲೀಟರ್ ಎಂಜಿನ್ 140ರಿಂದ 180. ದೊಡ್ಡ ಟರ್ಬೊ ಡೀಸೆಲ್ ನಾಲ್ಕು ಸಿಲಿಂಡರ್ 200 ದಾಟುತ್ತದೆ. ಕಬ್ಬಿಣದ ವಿ8 ಎಂಜಿನ್‌ಗಳು 250ರಿಂದ 320ರವರೆಗೆ ಹೋಗುತ್ತವೆ. ಕಮಿನ್ಸ್‌ನ 5.9 ಲೀಟರ್ ಆರು ಸಿಲಿಂಡರ್ ಡೀಸೆಲ್ ಒಂದೇ ಸುಮಾರು 500 ಕೆ.ಜಿ.

ಸ್ಟ್ಯಾಂಡುಗಳ ಮೇಲೆ 340, 450, 560, 900 ಕೆ.ಜಿ. ಎಂದು ಬರೆದಿರುತ್ತದೆ. 750, 1000, 1250, 2000 ಪೌಂಡುಗಳನ್ನು ಕೆ.ಜಿ.ಗೆ ಇಳಿಸಿದ ಲೆಕ್ಕ ಅದು. ಆ ಅಂಕಿಯ ತುದಿಯವರೆಗೆ ಹೋಗಬೇಡಿ. ಎಂಜಿನ್ ತೂಕದ ಎರಡು ಪಟ್ಟು ಬರೆದಿರುವ ಸ್ಟ್ಯಾಂಡ್ ಆರಿಸಿ. ಏಕೆಂದರೆ ಸ್ಟ್ಯಾಂಡ್ ಎಂಜಿನ್ ಅನ್ನು ಕೆಳಗಿನಿಂದ ಹೊರುವುದಿಲ್ಲ, ಒಂದು ತುದಿಯಲ್ಲಿ ಹಿಡಿದು ಚಾಚಿಕೊಂಡಿರುತ್ತದೆ. 200 ಕೆ.ಜಿ. ಎಂಜಿನ್‌ನ ಭಾರಕೇಂದ್ರ ಹಿಡಿತದ ತಟ್ಟೆಯಿಂದ 40 ಸೆಂ.ಮೀ. ಮುಂದಿದ್ದರೆ ತಟ್ಟೆಯ ಮೇಲೆ ಬೀಳುವ ತಿರುಚು ಸುಮಾರು 785 ನ್ಯೂಟನ್ ಮೀಟರ್. ತೂಕ ಅಷ್ಟೇ ಇದ್ದು ಉದ್ದ ಹೆಚ್ಚಿದರೆ, ಉದಾಹರಣೆಗೆ ಸಾಲಿನಲ್ಲಿ ಆರು ಸಿಲಿಂಡರ್ ಇದ್ದರೆ, ತಿರುಚೂ ಹೆಚ್ಚುತ್ತದೆ. ಹಾಗಾಗಿ ಗಿಡ್ಡನೆಯ ವಿ6 ಅನ್ನು ಆರಾಮಾಗಿ ಹೊರುವ ಸ್ಟ್ಯಾಂಡ್ ಅಷ್ಟೇ ತೂಕದ ಉದ್ದನೆಯ ಎಂಜಿನ್ ಹಾಕಿದಾಗ ಬಾಗಿದಂತೆ ಕಂಡರೆ ಅಚ್ಚರಿ ಬೇಡ.

ಮೂರು ಚಕ್ರದ್ದು ಸಾಕೇ, ನಾಲ್ಕು ಚಕ್ರದ್ದೇ ಬೇಕೇ?

ಸಣ್ಣ ಅಲ್ಯುಮಿನಿಯಮ್ ಎಂಜಿನ್‌ಗೆ ಮೂರು ನಡೆಯುತ್ತದೆ. ಕಬ್ಬಿಣದ ಬ್ಲಾಕ್ ಆದರೆ ನಾಲ್ಕೇ ಬೇಕು. ಮೂರು ಚಕ್ರದ ಸ್ಟ್ಯಾಂಡಿನಲ್ಲಿ ಅಗಲವಾದ ಭಾಗ ಹಿಂದೆ ಕಂಬದ ಬುಡದಲ್ಲಿರುತ್ತದೆ, ಒಂಟಿ ಚಕ್ರ ಮುಂದಿರುತ್ತದೆ. ಎಂಜಿನ್ ತೂಗುವುದು ಆ ಕಿರಿದಾದ ತುದಿಯ ಮೇಲೆಯೇ. ಪಕ್ಕಕ್ಕೆ ಸ್ವಲ್ಪ ತಳ್ಳಿದರೂ ಭಾರದ ಗೆರೆ ತ್ರಿಕೋನದ ಅಂಚು ದಾಟುತ್ತದೆ.

ಏರಿಸುವ ಮೊದಲು ಏನೇನು ಬಿಚ್ಚಬೇಕು?

ಆಯಿಲ್, ಕೂಲಂಟ್ ಎರಡನ್ನೂ ಇಳಿಸಿ. ಬ್ಲಾಕ್‌ನ ಡ್ರೈನ್ ಪ್ಲಗ್ ಬಿಚ್ಚದೆ ರೇಡಿಯೇಟರ್ ಹೋಸ್ ಮಾತ್ರ ತೆಗೆದರೆ ವಾಟರ್ ಜಾಕೆಟ್‌ನಲ್ಲಿ (ಬ್ಲಾಕಿನೊಳಗಿನ ನೀರಿನ ದಾರಿಗಳಲ್ಲಿ) ನೀರು ಉಳಿದಿರುತ್ತದೆ. ಮೊದಲ ಸಲ ಎಂಜಿನ್ ತಿರುಗಿಸಿದಾಗ ಅದು ನಿಮ್ಮ ಕಾಲಿನ ಮೇಲೆ ಇಳಿದು, ನೆಲವನ್ನೂ ಜಾರುವಂತೆ ಮಾಡುತ್ತದೆ. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ (ಆಟೋಮ್ಯಾಟಿಕ್ ಆದರೆ ಫ್ಲೆಕ್ಸ್ ಪ್ಲೇಟ್), ಫ್ಲೈವೀಲ್ ಹಿಂದಿನ ತೆಳು ತಗಡು, ಸ್ಟಾರ್ಟರ್ ಇವೆಲ್ಲ ಹೋಗಬೇಕು. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಟರ್ಬೊ, ಮ್ಯಾನಿಫೋಲ್ಡುಗಳನ್ನೂ ತೆಗೆದಷ್ಟು ಒಳ್ಳೆಯದು. ಅವು ಒಂದೇ ಪಕ್ಕದಲ್ಲಿ ಕೂತು ಭಾರವನ್ನು ಓರೆಯಾಗಿಸುತ್ತವೆ.

ಇನ್ನೊಂದು ಮಾತು ಬಹಳ ಜನರಿಗೆ ತಡವಾಗಿ ಹೊಳೆಯುತ್ತದೆ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಮತ್ತು ಫ್ಲೈವೀಲ್ ಬೋಲ್ಟುಗಳನ್ನು ಎಂಜಿನ್ ಇನ್ನೂ ಕಾರಿನಲ್ಲಿರುವಾಗ, ಇಲ್ಲವೇ ಕ್ರೇನಿನಲ್ಲಿ ತೂಗುತ್ತಾ ಭದ್ರವಾದ ಆಸರೆಯ ಮೇಲೆ ಕೂತಿರುವಾಗ ಸಡಿಲಿಸಿಕೊಳ್ಳಿ. ಹಾಗೆಯೇ ಸ್ಟ್ಯಾಂಡಿನ ತಟ್ಟೆ ಎಂಜಿನ್‌ನ ಹಿಂಭಾಗವನ್ನು ಪೂರ್ತಿ ಮುಚ್ಚುತ್ತದೆ. ಹಿಂದಿನ ಮೇನ್ ಸೀಲ್, ಹಿಂದಿನ ಕೋರ್ ಪ್ಲಗ್‌ಗಳು, ಪೈಲಟ್ ಬೇರಿಂಗ್ ಇವುಗಳ ಕೆಲಸ ಏರಿಸುವ ಮೊದಲು ಆಗಬೇಕು, ಇಲ್ಲವೇ ಇಳಿಸಿದ ಮೇಲೆ.

ಯಾವ ಬೋಲ್ಟ್ ಹಾಕಬೇಕು? ಗೇರ್‌ಬಾಕ್ಸ್‌ನ ಹಳೆಯ ಬೋಲ್ಟುಗಳೇ ಆಗುವುದಿಲ್ಲವೇ?

ಬಹುತೇಕ ಆಗುವುದಿಲ್ಲ, ಉದ್ದ ಸಾಲದು. ಸ್ಟ್ಯಾಂಡಿನ ತೋಳುಗಳ ತುದಿಯಲ್ಲಿ ಕೊಳವೆ ಇರುತ್ತದೆ; ಬೋಲ್ಟ್ ಅದರೊಳಗಿಂದ ಹಾಯ್ದು ಬ್ಲಾಕಿನ ಥ್ರೆಡ್ಡಿಗೆ ಹೋಗಬೇಕು. ಕೊಳವೆಯ ಉದ್ದ, ವಾಷರ್ ದಪ್ಪ ಮತ್ತು ಥ್ರೆಡ್ಡಿನೊಳಗೆ ಹೋಗಬೇಕಾದ ಉದ್ದ ಮೂರನ್ನೂ ಕೂಡಿಸಿದರೆ ಬೇಕಾದ ಬೋಲ್ಟಿನ ಉದ್ದ ಸಿಗುತ್ತದೆ. ಕೊಳವೆ 75 ಮಿ.ಮೀ., ವಾಷರ್ 3 ಮಿ.ಮೀ., ಒಳಗೆ 20 ಮಿ.ಮೀ. ಆದರೆ 98. ಅಂಗಡಿಯಲ್ಲಿ 100 ಮಿ.ಮೀ. ಕೇಳಿ.

ಒಳಗೆ ಎಷ್ಟು ಹೋಗಬೇಕು? ಕಬ್ಬಿಣದ ಬ್ಲಾಕ್ ಆದರೆ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು, ಅಲ್ಯುಮಿನಿಯಮ್ ಆದರೆ ಎರಡು ಪಟ್ಟು. ಎಂ10 (10 ಮಿ.ಮೀ. ವ್ಯಾಸದ) ಬೋಲ್ಟಿನ ಸಾಮಾನ್ಯ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ) 1.5 ಮಿ.ಮೀ.; ಅಂದರೆ ಕಬ್ಬಿಣದಲ್ಲಿ 10 ಸುತ್ತು, ಅಲ್ಯುಮಿನಿಯಮ್‌ನಲ್ಲಿ 13 ಸುತ್ತು. ಬೆರಳಿನಿಂದಲೇ ತಿರುಗಿಸುತ್ತಾ ಸುತ್ತು ಎಣಿಸಿ. ಬೆರಳಿಗೆ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಕೊಳಕಾಗಿದೆ ಅಥವಾ ಬೋಲ್ಟಿನ ಪಿಚ್ ಬೇರೆ ಇದೆ. ಎಂ12 ಬೋಲ್ಟುಗಳು 1.75 ಪಿಚ್‌ನಲ್ಲೂ ಬರುತ್ತವೆ, 1.25 ಪಿಚ್‌ನಲ್ಲೂ ಬರುತ್ತವೆ. ಎರಡೂ ಮೊದಲ ಒಂದು ಸುತ್ತು ಕೂತಂತೆ ನಟಿಸುತ್ತವೆ. ಅಲ್ಲಿ ಪಾನಾ ಹಾಕಿ ಒತ್ತಿದರೆ ಬ್ಲಾಕಿನ ಥ್ರೆಡ್ ಹಾಳು. ಹಳೆಯ ಅಮೆರಿಕನ್ ಎಂಜಿನ್‌ಗಳಲ್ಲಿ ಇಂಚಿನ ಥ್ರೆಡ್ ಇರುತ್ತದೆ, ಮಿಲಿಮೀಟರ್ ಬೋಲ್ಟ್ ಹೊಂದುವುದಿಲ್ಲ.

ಉದ್ದ ಹೆಚ್ಚಾದರೂ ಕೆಡುಕೇ. ತಳ ಮುಟ್ಟಿದ ಬೋಲ್ಟ್ ಬಿಗಿಯಾದಂತೆ ಕೈಗೆ ತಿಳಿಯುತ್ತದೆ, ಆದರೆ ತೋಳು ಸಡಿಲವೇ ಇರುತ್ತದೆ. ಇನ್ನೂ ಬಿಗಿದರೆ ಬ್ಲಾಕಿನ ಕಿವಿ (ಬೋಲ್ಟ್ ತೂತಿರುವ ಚಾಚು) ಸೀಳುತ್ತದೆ. ಮೊದಲೇ ತೆಳುವಾದ ಕಡ್ಡಿ ತೂರಿಸಿ ತೂತಿನ ಆಳ ಅಳೆಯಿರಿ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಗಟ್ಟಿತನದ ದರ್ಜೆಯ ಗುರುತು ಇರಲೇಬೇಕು. ಗುರುತಿಲ್ಲದ್ದು, ತುಕ್ಕು ಹಿಡಿದದ್ದು, ಮೈಪೂರ್ತಿ ಥ್ರೆಡ್ ಇರುವ ಕಡ್ಡಿಯನ್ನು ಕತ್ತರಿಸಿ ಮಾಡಿದ್ದು ಬೇಡ.

8.8 ಬೋಲ್ಟ್ ಸುಲಭಕ್ಕೆ ತುಂಡಾಗುವುದಿಲ್ಲ ಎಂದ ಮೇಲೆ ಇಷ್ಟೆಲ್ಲ ಲೆಕ್ಕ ಏಕೆ?

ಎಳೆತಕ್ಕೆ ಅದು ತುಂಡಾಗುವುದಿಲ್ಲ ನಿಜ. 8.8 ದರ್ಜೆಯ ಒಂದು ಎಂ10 ಬೋಲ್ಟ್ ಮೂರು ಟನ್‌ಗೂ ಹೆಚ್ಚಿನ ನೇರ ಎಳೆತವನ್ನು ಹಿಗ್ಗದೆ ತಡೆಯುತ್ತದೆ. ಮೇಲೆ ಹೇಳಿದ 200 ಕೆ.ಜಿ. ಎಂಜಿನ್‌ನಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 25 ಸೆಂ.ಮೀ. ಅಂತರವಿದ್ದರೆ ಮೇಲಿನ ಎರಡು ಬೋಲ್ಟುಗಳ ಮೇಲೆ ತಲಾ 160 ಕೆ.ಜಿ.ಯಷ್ಟು ಎಳೆತ ಬೀಳುತ್ತದೆ, ಅಷ್ಟೇ.

ಅಪಾಯ ಇರುವುದು ಬಾಗಿನಲ್ಲಿ. ಬೋಲ್ಟ್ ಬಿಗಿಯಾಗಿದ್ದರೆ ಕೊಳವೆ ಬ್ಲಾಕಿನ ಮುಖಕ್ಕೆ ಒತ್ತಿ ಕೂತು, ಆ ಘರ್ಷಣೆಯೇ ಭಾರ ಹೊರುತ್ತದೆ. ಸಡಿಲವಾದರೆ 75 ಮಿ.ಮೀ. ಉದ್ದದ ತೆಳು ಬೋಲ್ಟ್ ಗೋಡೆಗೆ ಹೊಡೆದ ಮೊಳೆಯಂತೆ ತುದಿಯಲ್ಲಿ ಭಾರ ಹೊರಬೇಕಾಗುತ್ತದೆ. ತಲಾ 50 ಕೆ.ಜಿ. ಬಿದ್ದರೂ ಎಂ10 ಬೋಲ್ಟಿನ ಬುಡದಲ್ಲಿ ಒತ್ತಡ 690 ಮೆಗಾಪಾಸ್ಕಲ್ ಮುಟ್ಟುತ್ತದೆ. 8.8 ಉಕ್ಕು ಶಾಶ್ವತವಾಗಿ ಬಾಗಲು 640 ಸಾಕು. ಅಂದರೆ ಬೋಲ್ಟ್ ಅದೇ, ಎಂಜಿನ್ ಅದೇ. ಬಿಗಿ ಇದ್ದಾಗ ಏನೂ ಆಗದು, ಸಡಿಲಾದಾಗ ಬಾಗುತ್ತದೆ. ಹಾಗಾಗಿ ಟಾರ್ಕ್ ರೆಂಚ್ ಹಿಡಿಯಿರಿ: ಕಬ್ಬಿಣದ ಬ್ಲಾಕಿನಲ್ಲಿ ಎಂ10ಕ್ಕೆ ಸುಮಾರು 45, ಎಂ12ಕ್ಕೆ 75ರಿಂದ 80 ನ್ಯೂಟನ್ ಮೀಟರ್. ಅಲ್ಯುಮಿನಿಯಮ್ ಆದರೆ ಆ ಎಂಜಿನ್‌ನ ಕೈಪಿಡಿಯಲ್ಲಿ ಗೇರ್‌ಬಾಕ್ಸ್ ಬೋಲ್ಟುಗಳಿಗೆ ಕೊಟ್ಟಿರುವ ಅಂಕಿ ಮೀರಬೇಡಿ. ಒಂದು ದಿನ ಬಿಟ್ಟು ಮತ್ತೆ ಪರೀಕ್ಷಿಸಿ.

ತೋಳುಗಳನ್ನು ಎಲ್ಲಿ ಕೂರಿಸಬೇಕು?

ನಾಲ್ಕೂ ತೋಳು ಬಳಸಿ. ಮೇಲೆ ಎರಡು, ಕೆಳಗೆ ಎರಡು, ಸಾಧ್ಯವಾದಷ್ಟು ದೂರ ದೂರ. ಕೊಳವೆಯ ತುದಿ ಬ್ಲಾಕಿನ ಮುಖಕ್ಕೆ ಚಪ್ಪಟೆಯಾಗಿ ಕೂರಬೇಕು. ಓರೆಯಾಗಿ ಕೂತಿದ್ದನ್ನು ಬೋಲ್ಟ್ ಬಿಗಿದು ನೇರ ಮಾಡಲು ಹೋದರೆ ಅಲ್ಯುಮಿನಿಯಮ್ ಕಿವಿಗಳು ಬಿರುಕು ಬಿಡುತ್ತವೆ. ಡೋವೆಲ್ ಪಿನ್ನು (ಗೇರ್‌ಬಾಕ್ಸನ್ನು ಜಾಗಕ್ಕೆ ಹೊಂದಿಸುವ ಪಿನ್ನು) ಚಾಚಿಕೊಂಡಿರುವ ತೂತು ಬೇಡ, ಪಕ್ಕದ್ದನ್ನು ಆರಿಸಿ.

ಇನ್ನು ತಟ್ಟೆಯ ನಡುಭಾಗ, ಅಂದರೆ ಎಂಜಿನ್ ತಿರುಗುವ ಅಕ್ಷ, ಎಲ್ಲಿ ಬರಬೇಕು ಎಂಬುದು. ಕ್ರ್ಯಾಂಕ್ ನಡುಗೆರೆಗೆ ಹೊಂದಿಸಿದರೆ ಅಂದವಾಗಿ ಕಾಣುತ್ತದೆ, ಆದರೆ ಹೆಡ್ ಇರುವ ಎಂಜಿನ್‌ನ ಭಾರಕೇಂದ್ರ ಕ್ರ್ಯಾಂಕಿಗಿಂತ ಮೇಲಿರುತ್ತದೆ. ಹಾಗೆ ಕೂರಿಸಿದ ಎಂಜಿನ್ ತಲೆಭಾರವಾಗಿ, ತಟ್ಟೆ ತಿರುಗದಂತೆ ತಡೆಯುವ ಲಾಕ್ ಪಿನ್ ತೆಗೆದ ತಕ್ಷಣ ಮಗುಚಲು ಹವಣಿಸುತ್ತದೆ. ಅಕ್ಷವನ್ನು ಕ್ರ್ಯಾಂಕಿಗಿಂತ ಕೆಲವು ಸೆಂ.ಮೀ. ಮೇಲಿಡಿ. ಸಾಲು ಸಿಲಿಂಡರ್ ಎತ್ತರದ ಎಂಜಿನ್‌ನಲ್ಲಿ ಇನ್ನೂ ಸ್ವಲ್ಪ ಮೇಲೆ.

ತಪ್ಪಿದರೆ ಎಷ್ಟು ತಪ್ಪುತ್ತದೆ ಎಂದು ನೋಡಿ. 180 ಕೆ.ಜಿ. ಎಂಜಿನ್‌ನ ಭಾರಕೇಂದ್ರ ಅಕ್ಷದಿಂದ 5 ಸೆಂ.ಮೀ. ಸರಿದಿದ್ದು, ಎಂಜಿನ್ ಪಕ್ಕಕ್ಕೆ ಮಲಗಿದಾಗ ಅರ್ಧ ಮೀಟರ್ ಹ್ಯಾಂಡಲಿನ ತುದಿಯಲ್ಲಿ ನೀವು 18 ಕೆ.ಜಿ. ತಡೆಹಿಡಿಯಬೇಕು. 10 ಸೆಂ.ಮೀ. ಸರಿದಿದ್ದರೆ 36 ಕೆ.ಜಿ. ಮೊದಲನೆಯದು ಕೈಗೆ ಒಗ್ಗುತ್ತದೆ, ಎರಡನೆಯದು ಹ್ಯಾಂಡಲನ್ನು ನಿಮ್ಮ ಗದ್ದಕ್ಕೆ ಹೊಡೆಯುತ್ತದೆ.

ತೂತುಗಳಲ್ಲಿ ಥ್ರೆಡ್ಡೇ ಇಲ್ಲವಲ್ಲ?

ಅಡ್ಡ ಕೂರುವ ಫ್ರಂಟ್ ವೀಲ್ ಡ್ರೈವ್ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಕೆಲವು ಬೋಲ್ಟ್ ಎಂಜಿನ್ ಕಡೆಯಿಂದ ಗೇರ್‌ಬಾಕ್ಸ್‌ಗೆ ಹೋಗುತ್ತವೆ, ಥ್ರೆಡ್ ಇರುವುದು ಗೇರ್‌ಬಾಕ್ಸ್‌ನಲ್ಲಿ. ಅಲ್ಲಿ ಉದ್ದನೆಯ ಬೋಲ್ಟ್ ಹಾಯಿಸಿ, ಎರಡೂ ಕಡೆ ದಪ್ಪ ವಾಷರ್ ಇಟ್ಟು ನಟ್ ಹಾಕಿ. ಥ್ರೆಡ್ಡಿಗಿಂತ ಇದೇ ಭದ್ರ.

ಬಿಎಂಡಬ್ಲ್ಯು ಎನ್47 ಡೀಸೆಲ್‌ನಂತಹ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಫ್ಲೈವೀಲ್ ಕಡೆಗೇ ಇದೆ. ಅಲ್ಲಿ ಕೆಲಸವಿದ್ದರೆ ಹಿಂಭಾಗದಿಂದ ಹಿಡಿದು ಪ್ರಯೋಜನವಿಲ್ಲ. ಎಂಜಿನ್ ಮೌಂಟ್ ಕೂರುವ ಪಕ್ಕದ ಬೋಲ್ಟುಗಳಿಂದ ಹಿಡಿಯುವ ಅಡಾಪ್ಟರ್ ಬೇಕಾಗುತ್ತದೆ.

ಎತ್ತುವಾಗ ಚೈನನ್ನು ಎಲ್ಲಿ ಕಟ್ಟಬೇಕು?

ಎಂಜಿನ್ ಮೇಲೆ ಕಂಪನಿಯವರೇ ಕೊಟ್ಟ ಎತ್ತುವ ಕೊಂಡಿಗಳಿದ್ದರೆ ಅಲ್ಲಿಗೆ. ಇಲ್ಲದಿದ್ದರೆ ಹೆಡ್ಡಿನ ಎರಡು ಮೂಲೆಗಳ ದಪ್ಪ ಬೋಲ್ಟ್ ತೂತುಗಳಿಗೆ, ಕರ್ಣದಂತೆ: ಮುಂದೆ ಒಂದು ಬದಿ, ಹಿಂದೆ ಇನ್ನೊಂದು ಬದಿ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಕಟ್ಟಬೇಡಿ, ಪ್ಲಾಸ್ಟಿಕ್‌ನದ್ದಾದರೆ ಕೇಳಲೇಬೇಡಿ.

ಚೈನಿನ ಕೋನ ಗಮನಿಸಿ. ಎರಡು ಕಾಲುಗಳೂ ನೆಲಕ್ಕೆ 60 ಡಿಗ್ರಿ ಇದ್ದಾಗ ಪ್ರತಿ ಕಾಲಿನ ಮೇಲೆ ಎಂಜಿನ್ ತೂಕದ ಶೇ. 58 ಬೀಳುತ್ತದೆ. 45 ಡಿಗ್ರಿಗೆ ಇಳಿದರೆ ಶೇ. 71. 30 ಡಿಗ್ರಿಯಲ್ಲಿ ಪ್ರತಿಯೊಂದು ಕಾಲೂ ಪೂರ್ತಿ ತೂಕವನ್ನೇ ಹೊರುತ್ತದೆ, ಬೋಲ್ಟುಗಳನ್ನು ಒಳಗೆ ಎಳೆದು ಬಗ್ಗಿಸುತ್ತದೆ ಕೂಡ. ಚೈನ್ ಗಿಡ್ಡ ಮಾಡಿ ಎತ್ತರ ಉಳಿಸುವ ಆಸೆಗೆ ತೆರುವ ಬೆಲೆ ಇದು.

ಕ್ರೇನಿನ ಬೂಮನ್ನು (ಚಾಚುವ ತೋಳನ್ನು) ಹೊರಕ್ಕೆ ಎಳೆದಂತೆಲ್ಲ ಅದರ ಸಾಮರ್ಥ್ಯ ಇಳಿಯುತ್ತದೆ. ಎರಡು ಟನ್ ಎಂದು ಬರೆದ ಕ್ರೇನ್ ಪೂರ್ತಿ ಚಾಚಿದಾಗ ಅರ್ಧ ಟನ್ ಮಾತ್ರ. ಯಾವ ತೂತಿನಲ್ಲಿ ಪಿನ್ ಹಾಕಿದ್ದೀರಿ ಎಂದು ಬೂಮ್ ಮೇಲೆ ಬರೆದಿರುವುದನ್ನು ಓದಿಕೊಳ್ಳಿ.

ಸರಿಯಾದ ಕ್ರಮ ಯಾವುದು?

1. ಸ್ಟ್ಯಾಂಡಿನಿಂದ ತಟ್ಟೆಯನ್ನು, ಅದರ ಹಿಂದಿನ ದಪ್ಪ ಕೊಳವೆಯ ಸಮೇತ, ಹೊರಗೆಳೆಯಿರಿ. ಕೊಳವೆಗೆ ಗ್ರೀಸ್ ಹಚ್ಚಿ.
2. ಕ್ರೇನಿನಲ್ಲಿ ಎಂಜಿನ್ ಅನ್ನು ಸೊಂಟದ ಎತ್ತರಕ್ಕೆ, ಮಟ್ಟವಾಗಿ ತೂಗುಹಾಕಿ. ಕೈಗಳು ಪಕ್ಕದಿಂದ ಕೆಲಸ ಮಾಡಲಿ. ಅಡಿಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು.
3. ನಾಲ್ಕು ತೋಳುಗಳನ್ನೂ ಬ್ಲಾಕಿಗೆ ಬೆರಳ ಬಿಗಿಯಷ್ಟು ಕೂರಿಸಿ. ನಂತರ ತಟ್ಟೆಯನ್ನು ಅವುಗಳಿಗೆ ಹೊಂದಿಸಿ ಅಕ್ಷದ ಎತ್ತರ ಸರಿಮಾಡಿ.
4. ಮೊದಲು ಬ್ಲಾಕಿನ ಬೋಲ್ಟುಗಳನ್ನು, ಆಮೇಲೆ ತೋಳು ಮತ್ತು ತಟ್ಟೆ ಸೇರುವ ನಟ್ಟುಗಳನ್ನು ಬಿಗಿಯಿರಿ. ಈ ಎರಡನೆಯ ಬಿಗಿ ಮರೆತರೆ ತೋಳು ಜಾರುತ್ತದೆ.
5. ಸ್ಟ್ಯಾಂಡನ್ನು ಎಂಜಿನ್ ಕಡೆಗೆ ತಂದು ತಟ್ಟೆಯ ದಪ್ಪ ಕೊಳವೆಯನ್ನು ಸ್ಟ್ಯಾಂಡಿನ ಗೂಡಿಗೆ ಪೂರ್ತಿ ತೂರಿಸಿ. ಸ್ಟ್ಯಾಂಡ್ ಎಂಜಿನ್ ಬಳಿ ಬರಲಿ, ಎಂಜಿನ್ ಸ್ಟ್ಯಾಂಡ್ ಬಳಿ ಅಲ್ಲ. ಲಾಕ್ ಪಿನ್ ಹಾಕಿ.
6. ಕ್ರೇನಿನ ಜಾಕಿನ ವಾಲ್ವನ್ನು ಕೂದಲೆಳೆಯಷ್ಟು ತೆರೆದು ಇಳಿಸುತ್ತಾ ಬನ್ನಿ. ಸ್ಟ್ಯಾಂಡಿನ ಎಲ್ಲ ಚಕ್ರಗಳೂ ನೆಲ ಕಚ್ಚಿ ಭಾರ ತೆಗೆದುಕೊಂಡ ಮೇಲೆ ಚೈನನ್ನು ಎರಡು ಮೂರು ಸೆಂ.ಮೀ. ಮಾತ್ರ ಸಡಿಲ ಬಿಡಿ.
7. ಚೈನ್ ಇರುವಾಗಲೇ ಎಂಜಿನ್ ಅನ್ನು ಕೈಯಿಂದ ಅಲುಗಿಸಿ, ಕೊಳವೆಗಳ ಬುಡ, ಸ್ಟ್ಯಾಂಡಿನ ವೆಲ್ಡಿಂಗ್ ನೋಡಿ. ಹ್ಯಾಂಡಲ್ ಹಿಡಿದು ಪಿನ್ ತೆಗೆದು ಹತ್ತು ಡಿಗ್ರಿ ತಿರುಗಿಸಿ. ತಾನಾಗಿ ಮುಂದಕ್ಕೆ ಬೀಳಲು ನೋಡಿದರೆ ಅಕ್ಷ ತಗ್ಗಿದೆ; ಜೋರಾಗಿ ಹಿಂದೆ ಬಂದರೆ ಅಕ್ಷ ಹೆಚ್ಚು ಎತ್ತರದಲ್ಲಿದೆ. ನಿಧಾನವಾಗಿ ಮರಳಿದರೆ ಸರಿ. ಸರಿಯಿಲ್ಲದಿದ್ದರೆ ಭಾರವನ್ನು ಮತ್ತೆ ಕ್ರೇನಿಗೆ ಕೊಟ್ಟು ತೋಳು ಸರಿಮಾಡಿ.

ತಟ್ಟೆಯನ್ನು ಸ್ಟ್ಯಾಂಡಿನಲ್ಲೇ ಬಿಟ್ಟು, ತೂಗುವ ಎಂಜಿನ್ ಅನ್ನು ಅದಕ್ಕೆ ಹೊಂದಿಸಲು ಹೋಗುವವರು ಅರ್ಧ ದಿನ ಕಳೆಯುತ್ತಾರೆ. ಕೊನೆಗೆ ಬೋಲ್ಟನ್ನು ಓರೆಯಾಗಿ ಹೊಡೆದು ಕೂರಿಸುತ್ತಾರೆ.

ಕ್ರೇನಿನ ಕಾಲಿಗೂ ಸ್ಟ್ಯಾಂಡಿನ ಕಾಲಿಗೂ ತಾಗುತ್ತದೆ. ಏನು ಮಾಡಲಿ?

ಎಂಜಿನ್ ಎತ್ತುವ ಮೊದಲೇ ಖಾಲಿ ಸ್ಟ್ಯಾಂಡನ್ನು ಕ್ರೇನಿನ ಕಾಲುಗಳ ನಡುವೆ ಒಮ್ಮೆ ತೂರಿಸಿ ನೋಡಿ. ಒಳಗೆ ಹೋಗದಿದ್ದರೆ ಕ್ರೇನಿನ ಪಕ್ಕದಿಂದ, ಸ್ಟ್ಯಾಂಡಿನ ಕಾಲುಗಳು ಕ್ರೇನಿನ ಕಾಲಿನ ಮೇಲೆ ದಾಟುವಂತೆ ತರಬಹುದೇ ಎಂದು ಪರೀಕ್ಷಿಸಿ. ಹೊರತರುವ ದಾರಿಯನ್ನೂ ಆಗಲೇ ನೋಡಿಡಿ.

ಒಬ್ಬನೇ ಮಾಡಬಹುದೇ?

ಬೋಲ್ಟ್ ಬಿಗಿಯುವವರೆಗೆ ಮಾಡಬಹುದು. ಕೊಳವೆ ತೂರಿಸಿ ಭಾರ ಇಳಿಸುವ ಹೊತ್ತಿಗೆ ಒಬ್ಬರು ಜಾಕಿನ ವಾಲ್ವ್ ಬಳಿ, ಒಬ್ಬರು ಎಂಜಿನ್ ಬಳಿ ಇರಬೇಕು. ಮೊದಲ ಸಲ ತಿರುಗಿಸುವಾಗಲೂ ಇಬ್ಬರು.

ಸ್ಟ್ಯಾಂಡಿನ ಮೇಲೆ ತಿರುಗಿಸುವಾಗ ಏನು ಎಚ್ಚರ?

ಪಿನ್‌ಗೆ ಕೈ ಹಾಕುವ ಮೊದಲು ಹ್ಯಾಂಡಲ್ ಕೈಯಲ್ಲಿರಬೇಕು. ಇದೊಂದು ಅಭ್ಯಾಸವೇ ಹೆಚ್ಚಿನ ಏಟುಗಳನ್ನು ತಪ್ಪಿಸುತ್ತದೆ. ಹೆಡ್ ಬಿಚ್ಚಿದರೆ ಭಾರಕೇಂದ್ರ ಕೆಳಗಿಳಿಯುತ್ತದೆ. ಕ್ರ್ಯಾಂಕ್ ತೆಗೆದರೆ ಮತ್ತೆ ಮೇಲೇರುತ್ತದೆ. ನಿನ್ನೆ ಸಲೀಸಾಗಿ ತಿರುಗಿದ ಎಂಜಿನ್ ಇಂದು ಬೇರೆಯೇ ಗುಣ ತೋರಿಸಬಹುದು, ಆದ್ದರಿಂದ ದೊಡ್ಡ ಭಾಗ ಬಿಚ್ಚಿದ ಪ್ರತಿ ಸಲವೂ ಹತ್ತು ಡಿಗ್ರಿಯ ಪರೀಕ್ಷೆ ಮತ್ತೆ ಮಾಡಿ. ಪಿನ್ ತೂತಿಗೆ ಪೂರ್ತಿ ಇಳಿಯುವವರೆಗೆ ಹ್ಯಾಂಡಲ್ ಬಿಡಬೇಡಿ, ತೂತುಗಳು ಹೊಂದಿಲ್ಲದಿದ್ದರೂ ಪಿನ್ ತುದಿ ಸಿಕ್ಕಿಕೊಂಡು ಕೂತಂತೆ ಕಾಣುತ್ತದೆ.

ಹೆಡ್ ಬೋಲ್ಟ್, ಪುಲ್ಲಿ ಬೋಲ್ಟ್ ಸ್ಟ್ಯಾಂಡಿನ ಮೇಲೆಯೇ ಬಿಗಿಯಬಹುದೇ?

ಹೆಡ್ ಬೋಲ್ಟ್ ಬಿಗಿಯಬಹುದು, ಎಂಜಿನ್ ನೆಟ್ಟಗಿದ್ದು, ಮುಂಭಾಗದ ಅಡಿಗೆ ಜಾಕ್ ಸ್ಟ್ಯಾಂಡ್ ಕೊಟ್ಟಿದ್ದರೆ. ರೆಂಚನ್ನು ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಎಳೆದರೆ ಸ್ಟ್ಯಾಂಡ್ ವಾಲುತ್ತದೆ. ಪುಲ್ಲಿ ಬೋಲ್ಟ್ 200 ನ್ಯೂಟನ್ ಮೀಟರ್ ದಾಟುವ ಎಂಜಿನ್‌ಗಳಿವೆ. ಅವನ್ನು ಕಾರಿಗೆ ಕೂರಿಸಿದ ಮೇಲೆ ಬಿಗಿಯುವುದು ಜಾಣತನ.

ತಳ್ಳಿಕೊಂಡು ಬೇರೆಡೆಗೆ ಒಯ್ಯಬಹುದೇ?

ನಯವಾದ ಕಾಂಕ್ರೀಟ್ ನೆಲದ ಮೇಲೆ, ಕೆಲವೇ ಹೆಜ್ಜೆ, ಅಷ್ಟೇ. ಸ್ಟ್ಯಾಂಡಿನ ಸಣ್ಣ ಕಬ್ಬಿಣದ ಚಕ್ರಕ್ಕೆ ಒಂದು ನಟ್ ಅಡ್ಡ ಸಿಕ್ಕರೆ ಚಕ್ರ ನಿಲ್ಲುತ್ತದೆ, ಮೇಲಿನ ಭಾರ ನಿಲ್ಲುವುದಿಲ್ಲ. ಮೊದಲು ನೆಲ ಗುಡಿಸಿ. ಎಂಜಿನ್ ನೆಟ್ಟಗಿರಲಿ, ಲಾಕ್ ಆಗಿರಲಿ. ಕೈ ಕೆಳಗೆ ಕಂಬದ ಬುಡದ ಹತ್ತಿರ ಇರಲಿ, ಎಂಜಿನ್ ತಲೆ ಹಿಡಿದು ತಳ್ಳಬೇಡಿ. ಹೊಸ್ತಿಲು, ಜಲ್ಲಿ, ಇಳಿಜಾರು ದಾಟಬೇಕಿದ್ದರೆ ಮತ್ತೆ ಕ್ರೇನ್ ತನ್ನಿ.

ಎಷ್ಟು ದಿನ ಸ್ಟ್ಯಾಂಡಿನ ಮೇಲೆ ಬಿಡಬಹುದು?

ಕೆಲವು ವಾರ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಮುಂಭಾಗದ ಅಡಿಗೆ, ಬ್ಲಾಕಿನ ಗಟ್ಟಿ ಭಾಗಕ್ಕೆ ತಾಗುವಂತೆ, ಮರದ ತುಂಡಿಟ್ಟು ಜಾಕ್ ಸ್ಟ್ಯಾಂಡ್ ಕೊಡಿ. ಆಯಿಲ್ ಸಂಪಿಗೆ ಆಸರೆ ಕೊಟ್ಟರೆ ಸಂಪ್ ನುಗ್ಗಾಗುತ್ತದೆ.

ಸ್ಟ್ಯಾಂಡಿನ ಮೇಲೆಯೇ ಸ್ಟಾರ್ಟ್ ಮಾಡಿ ನೋಡಬಹುದೇ?

ಬೇಡ. ಓಡುವ ಎಂಜಿನ್‌ನ ಅದುರಿಗೆ, ಆಕ್ಸಿಲರೇಟರ್ ಒತ್ತಿದಾಗ ಬರುವ ತಿರುಚಿಗೆ ಈ ಸ್ಟ್ಯಾಂಡ್ ಮಾಡಿದ್ದಲ್ಲ. ಅದಕ್ಕೆ ಎರಡೂ ತುದಿಯಲ್ಲಿ ಹಿಡಿಯುವ, ರೇಡಿಯೇಟರ್ ಕೂಡ ಕೂರಿಸಬಹುದಾದ ಬೇರೆಯೇ ಚೌಕಟ್ಟು ಇರುತ್ತದೆ.

ಇಳಿಸುವಾಗ ವಿಶೇಷ ಏನಾದರೂ ಇದೆಯೇ?

ಏರಿಸಿದ ಕ್ರಮವೇ ಹಿಂದುಮುಂದು. ಆದರೆ ಕೂಡಿಸಿದ ಎಂಜಿನ್‌ನಲ್ಲಿ ಹೊಸ ಗ್ಯಾಸ್ಕೆಟ್, ಸೆನ್ಸರ್, ಪೈಪುಗಳಿರುತ್ತವೆ. ಚೈನ್ ಅವಕ್ಕೆ ತಾಗದಂತೆ ಕಟ್ಟಿ. ಚೈನ್ ಭಾರ ಹೊತ್ತು ಸ್ಟ್ಯಾಂಡಿನ ಚಕ್ರಗಳು ಹಗುರಾದ ಮೇಲಷ್ಟೇ ಪಿನ್ ತೆಗೆದು ಸ್ಟ್ಯಾಂಡನ್ನು ಹಿಂದೆ ಎಳೆಯಿರಿ. ಕೊಳವೆ ಬಿಗಿಯಾಗಿ ಬರದಿದ್ದರೆ ಎಂಜಿನ್ ಎತ್ತರ ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಇದೆ ಎಂದರ್ಥ, ಸುತ್ತಿಗೆ ಬೇಡ, ಜಾಕನ್ನು ಅರ್ಧ ಏಟು ಆಡಿಸಿ. ತಟ್ಟೆ ಬಿಚ್ಚಿದ ಮೇಲೆ, ಎಂಜಿನ್ ಅನ್ನು ಮರದ ಚೌಕಟ್ಟಿನ ಮೇಲೆ ಕೂರಿಸಿ ಹಿಂದಿನ ಸೀಲ್, ಪೈಲಟ್ ಬೇರಿಂಗ್, ಫ್ಲೈವೀಲ್, ಕ್ಲಚ್ ಹಾಕಿ. ಗೇರ್‌ಬಾಕ್ಸ್ ಸೇರಿಸುವ ಮೊದಲು ಬ್ಲಾಕಿನ ಮುಖದ ಎರಡೂ ಡೋವೆಲ್‌ಗಳು ಜಾಗದಲ್ಲಿವೆಯೇ, ಸ್ಟ್ಯಾಂಡಿನ ಬೋಲ್ಟ್ ಹಾಕಿದ್ದ ತೂತುಗಳ ಥ್ರೆಡ್ ಸರಿಯಿದೆಯೇ ಎಂದು ಬೆರಳಿನಿಂದ ಬೋಲ್ಟ್ ತಿರುಗಿಸಿ ನೋಡಿಕೊಳ್ಳಿ.